ಬಾಗಿಲಿಗೆ ನಾಲ್ಕು ಕೊಡ

ಆ ಸಾಲಿನಲ್ಲಿ ಹತ್ತು ಮನೆ. ಮನೆ ಎಂದರೆ ಒಂದೊಂದು ಕೋಣೆ, ಅಷ್ಟೆ. ಹತ್ತಕ್ಕೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ನೀರು ಬರುವುದು ಬೆಳಗ್ಗೆ, ಅದೂ ದಿನ ಬಿಟ್ಟು ದಿನ. ಹಿಂದೆ ಮೊದಲು ಬಂದವರು ಹಿಡಿದಷ್ಟು ಅವರದು ಎಂದಿತ್ತು. ಆ ಕಾಲದಲ್ಲಿ ಇಬ್ಬರ ತಲೆ ಒಡೆಯಿತು, ಒಬ್ಬಳ ಕೈ ಮುರಿಯಿತು. ಆಮೇಲೆ ಎಲ್ಲರೂ ಕೂತು ಒಂದು ಕಟ್ಟು ಮಾಡಿಕೊಂಡರು: ಬಾಗಿಲಿಗೆ ನಾಲ್ಕು ಕೊಡ. ಕೈ ಮುರಿಸಿಕೊಂಡವಳು ಮೊದಲನೇ ಮನೆಯ ಒಂಟಿ ಹೆಂಗಸು. ಆದ್ದರಿಂದ ಕಟ್ಟು ನಡೆಸುವ ಅಧಿಕಾರವೂ ಅವಳಿಗೇ ಬಂತು. ಎಲ್ಲರೂ ಅವಳನ್ನು ಕೊಡದಕ್ಕ ಎಂದೇ ಕರೆಯುತ್ತಿದ್ದರು. ಸರಿಯಾಗಿ ಕೂಡಿಕೊಳ್ಳದ ಆ ಸೊಟ್ಟ ಕೈಯನ್ನೇ ಮುಂದೆ ಚಾಚಿ, "ನಿಂದು ಆಯ್ತು, ಸರಿ" ಎಂದರೆ ಗಂಡಸರೂ ಸರಿಯುತ್ತಿದ್ದರು.

ಕಟ್ಟು ಮಾಡಿದಾಗ ಮನೆಗೆ ನಾಲ್ಕು ಜನ, ಹೆಚ್ಚೆಂದರೆ ಐದು. ಲೆಕ್ಕ ಸರಿಯಾಗಿತ್ತು. ಆಮೇಲೆ ಮಕ್ಕಳಾದವು. ಮಕ್ಕಳಿಗೆ ಮದುವೆಯಾಯಿತು, ಅವರಿಗೂ ಮಕ್ಕಳಾದವು. ಸಂಬಳ ಹೆಚ್ಚಲಿಲ್ಲ, ಬೇರೆ ಮನೆ ಹಿಡಿಯುವ ಶಕ್ತಿ ಯಾರಿಗೂ ಬರಲಿಲ್ಲ. ಹುಟ್ಟಿದವರೆಲ್ಲ ಆ ಹತ್ತು ಕೋಣೆಯಲ್ಲೇ ತುಂಬಿಕೊಂಡರು. ನಲ್ಲಿಗೆ ಇದು ಯಾವುದೂ ಗೊತ್ತಿಲ್ಲ. ಅದು ಮೊದಲು ನಲವತ್ತು ಚಿಲ್ಲರೆ ಕೊಡ ಬಿಡುತ್ತಿತ್ತು, ಈಗಲೂ ಅಷ್ಟೇ ಬಿಡುತ್ತದೆ. ಇದರಲ್ಲಿ ತಪ್ಪು ಯಾರದು ಎಂದು ನ್ಯಾಯ ಹೇಳುವವರು ಬಹಳ ಮಂದಿ. ಅವರು ಬಂದು ಒಂದು ವಾರ ಈ ಸಾಲಿನಲ್ಲಿದ್ದು, ನಾಲ್ಕು ಕೊಡದಲ್ಲಿ ಎರಡು ದಿನ ಹತ್ತು ಜನರನ್ನು ತೊಳೆದು, ಉಣಿಸಿ, ಆಮೇಲೆ ಹೇಳಲಿ.

ಹತ್ತು ಜನ ಇದ್ದದ್ದು ಕೊನೆಯ ಮನೆಯಲ್ಲಿ. ಮನೆ ಕಟ್ಟುವಾಗ ಸಿಮೆಂಟು, ಮರ ಇಡಲು ಬಳಸಿದ್ದ ಉದ್ದನೆಯ ಕೋಣೆ ಅದು. ಮುಂದೆ ಅಂಗಳಕ್ಕೆ ಬಾಗಿಲು, ಹಿಂದೆ ಓಣಿಗೆ ಒಂದು ಕಿಟಕಿ. ಮನೆಗೆ ಹಿರಿಯಳು ಅಮ್ಮ, ಐವತ್ತು ದಾಟಿದವಳು, ಬಾಯಿ ಮುಂದು, ಮನಸ್ಸು ಅದಕ್ಕಿಂತ ಮುಂದು. ಅವಳ ದೊಡ್ಡ ಮಗ ಬಡಗಿ. ಅವನು ದಿನಕ್ಕೆ ಆಡುವ ಮಾತನ್ನು ಬೆರಳಲ್ಲಿ ಎಣಿಸಬಹುದು. ಚಿಕ್ಕ ಮಗ ಮೂರು ಚಕ್ರದ ಸಾಮಾನು ಗಾಡಿ ಓಡಿಸುವವನು, ಅಣ್ಣ ಆಡದೆ ಬಿಟ್ಟ ಮಾತನ್ನೂ ಸೇರಿಸಿ ಆಡುವವನು. ದೊಡ್ಡ ಸೊಸೆ ಮನೆಯಲ್ಲೇ ಕೂತು ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕ ಸೊಸೆಗೆ ಮೊದಲು ಒಂದು ಹೆಣ್ಣು. ಅದು ಅಂಬೆಗಾಲಿಡುವ ಮೊದಲೇ ಮತ್ತೆ ಬಸುರಾಗಿ ಅವಳಿ ಗಂಡು. ಈಗ ಮತ್ತೆ ಹೊಟ್ಟೆ ಮುಂದೆ ಬಂದಿತ್ತು.

ಅಮ್ಮ ತನ್ನ ಕಾಲದಲ್ಲಿ ಹೆತ್ತದ್ದು ಐದು, ಉಳಿದದ್ದು ಈ ಎರಡು. ಈಗ ಸೂಜಿ ಹಾಕುತ್ತಾರೆ, ಮಕ್ಕಳು ಉಳಿಯುತ್ತವೆ. ಒಳ್ಳೆಯದೇ ಆಯಿತು. ಆದರೆ ಹೆರುವ ಲೆಕ್ಕ ಮಾತ್ರ ಮನೆಮನೆಯಲ್ಲೂ ಹಳೆಯದೇ ಉಳಿದುಬಿಟ್ಟಿತ್ತು.

ಆ ಮೊದಲ ಹೆಣ್ಣುಮಗು ಹುಟ್ಟುವಾಗ ಎಷ್ಟು ಸಣ್ಣಗಿತ್ತೆಂದರೆ ಅದಕ್ಕೆ ಜೀರಿಗೆ ಎಂದೇ ಹೆಸರು ನಿಂತಿತು. ಅವಳಿಗಳು ಹುಟ್ಟಿದ ಮೇಲೆ ತಾಯಿಗೆ ಇದ್ದ ಎರಡು ಕೈಗೆ ಎರಡು ಮಗು. ಮೂರನೆಯದನ್ನು ದೊಡ್ಡ ಸೊಸೆ ಎತ್ತಿಕೊಂಡಳು. ಅವಳ ಕಿರಿಯ ಮಗ ಆಗಿನ್ನೂ ಮೊಲೆ ಬಿಟ್ಟಿರಲಿಲ್ಲ. ಅವನ ಪಾಲಿನಲ್ಲೇ ಜೀರಿಗೆಯೂ ಕುಡಿದಳು. ಅಂದಿನಿಂದ, ಈಗ ನಾಲ್ಕು ವರ್ಷ ತುಂಬಿದ ಮೇಲೂ, ಅವಳ ಜಾಗ ದೊಡ್ಡಮ್ಮನ ಮಗ್ಗುಲು. ದೊಡ್ಡಮ್ಮ ಗೋಡೆಗೊರಗಿ ಗುಂಡಿ ಹಾಕುತ್ತಿದ್ದರೆ ಜೀರಿಗೆ ಅವಳ ಎಡ ತೊಡೆಯ ಮೇಲೆ ತಲೆಯಿಟ್ಟು, ಅವಳ ಒಂದು ಬೆರಳು ಹಿಡಿದು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ದೊಡ್ಡಮ್ಮ ಒಂದು ಬೆರಳು ಕಡಿಮೆ ಇಟ್ಟುಕೊಂಡೇ ಗುಂಡಿ ಹಾಕುವುದನ್ನು ಕಲಿತಿದ್ದಳು.

ಜಗಳ ಶುರುವಾದದ್ದು ನಲ್ಲಿಯ ಹತ್ತಿರ. ಒಂದು ಬೆಳಗ್ಗೆ ಅಮ್ಮ ನಾಲ್ಕನೇ ಕೊಡ ತುಂಬಿದ ಮೇಲೂ ಸರಿಯಲಿಲ್ಲ.

"ಕೊಡದಕ್ಕ, ನಮ್ಮಲ್ಲಿ ಹತ್ತು ಜನ. ಮೂರನೇ ಮನೇಲಿ ಮೂವರು. ಅವರಿಗೂ ನಾಲ್ಕು, ನಮಗೂ ನಾಲ್ಕು. ಇದ್ಯಾವ ನ್ಯಾಯ? ತಲೆ ಲೆಕ್ಕದಲ್ಲಿ ಕೊಡು."

ಮೂರನೇ ಮನೆಯವಳು ದರ್ಜಿಯ ಹೆಂಡತಿ. ಒಂದೇ ಮಗು ಸಾಕೆಂದು ನಿಲ್ಲಿಸಿದವಳು. ಅವಳು ಬಿಡುತ್ತಾಳೆಯೇ? "ನೀವು ಹೆತ್ತಿದ್ದಕ್ಕೆ ನಾವು ಬಾಯಿ ಒಣಗಿಸ್ಕೋಬೇಕಾ? ಹೆರುವಾಗ ನನ್ನ ಕೇಳಿದ್ರಾ?"

"ನಿನ್ನ ಯಾಕೆ ಕೇಳ್ಬೇಕಿತ್ತು? ನೀನೇನು ನನ್ನ ಮಗನ ಗಾಡೀಲಿ ಬಂದಿದ್ಯಾ?"

ಸಾಲು ಘೊಳ್ಳೆಂದಿತು. ದರ್ಜಿಯ ಹೆಂಡತಿಗೂ ನಗು ಬಂತು, ಆದರೆ ಕೊಡವನ್ನೇನೂ ಬಿಟ್ಟುಕೊಡಲಿಲ್ಲ. ಅವಳು ಹೇಳಿದ್ದೂ ಸರಿ, ಅಮ್ಮ ಹೇಳಿದ್ದೂ ಸರಿ. ಇಬ್ಬರ ಮಾತೂ ಸರಿಯಾಗಿದ್ದು ನೀರು ಮಾತ್ರ ಕಡಿಮೆ ಇದ್ದರೆ ಯಾವ ಪಂಚಾಯಿತಿ ತಾನೇ ಏನು ಮಾಡೀತು? ಕೊಡದಕ್ಕ ಸೊಟ್ಟ ಕೈ ಚಾಚಿದಳು. "ಕಟ್ಟು ಇರೋದು ಬಾಗಿಲಿಗೆ. ತಲೆಗಲ್ಲ. ಇವತ್ತು ತಲೆ ಅಂದ್ರೆ ನಾಳೆ ಹೊಟ್ಟೆಯೊಳಗಿರೋದನ್ನೂ ಎಣಿಸು ಅಂತೀಯ. ಸರಿ ಆಚೆ."

ಈ ಮಾತು ಗಾಡಿಯವನ ಕಿವಿಗೆ ಬಿತ್ತು. ಅವನು ಸಂಜೆ ಊಟಕ್ಕೆ ಕೂತಾಗ ಹೇಳಿದ, "ಬಾಗಿಲಿಗೆ ತಾನೇ ಕಟ್ಟು? ನಾವೂ ಇನ್ನೊಂದು ಬಾಗಿಲು ಮಾಡೋಣ. ಹಿಂದಿನ ಕಿಟಕಿ ಒಡೆದು ಕೆಳಗಿನ ತನಕ ಇಳಿಸಿದ್ರೆ ಅದೇ ಬಾಗಿಲು. ಬಾಗಿಲು ಎರಡು, ಕೊಡ ಎಂಟು."

"ಮಾಲೀಕ?" ಎಂದ ಬಡಗಿ. ಅದು ಅವನ ಆ ದಿನದ ಮೊದಲ ಮಾತಿರಬೇಕು.

"ಅವನು ಬಾಡಿಗೆ ದಿನ ಬಿಟ್ಟು ಬೇರೆ ದಿನ ಈ ಕಡೆ ತಲೆ ಹಾಕಿ ಮಲಗಿದ್ದು ನೋಡಿದ್ಯಾ?"

ಅಮ್ಮ ತಟ್ಟೆ ಕೆಳಗಿಟ್ಟಳು. "ಪಾಲಾಯ್ತು ಅಂತಾರೆ ಜನ."

"ನಾಟಕ ಅಮ್ಮ. ನಾಟಕದಲ್ಲಿ ರಾಜ ಆದವನು ಮನೆಗೆ ಬಂದು ಆಳ್ತಾನಾ?"

ಅಮ್ಮನೂ ಗಾಡಿಯವನೂ ಕೊಡದಕ್ಕನ ಹತ್ತಿರ ಹೋಗಿ ಕೇಳಿದರು. ಬಾಗಿಲು ಮಾಡಿದರೆ ಕೊಡ ಕೊಡಲೇಬೇಕು, ಕಟ್ಟು ಹಾಗೇ ಇದೆ. ಆದರೆ ಅವಳೂ ಕಡಿಮೆಯಲ್ಲ. "ಬಾಗಿಲು ಎರಡಾದ್ರೆ ಸಾಲದು. ನಡುವೆ ಗೋಡೆ ಬೇಕು. ಒಲೆ ಎರಡು ಉರೀಬೇಕು. ಆಯಾ ಮನೆಯ ಮಕ್ಕಳು ಆಯಾ ಮನೇಲಿ ಇರಬೇಕು. ನಾನು ಹೇಳದೆ ಕೇಳದೆ ಬಂದು ನೋಡ್ತೀನಿ. ಸುಳ್ಳು ಅಂತ ಗೊತ್ತಾದ್ರೆ ಎಂಟೂ ಇಲ್ಲ, ನಾಲ್ಕೂ ಇಲ್ಲ."

ಬಡಗಿ ಹಳೆಯ ಪೆಟ್ಟಿಗೆಗಳ ಹಲಗೆ ತಂದ. ಗಾಜಿನ ಸಾಮಾನು ಬರುವ ಪೆಟ್ಟಿಗೆಗಳವು. ಒಂದೊಂದು ಹಲಗೆಯ ಮೇಲೂ ಒಂದು ಲೋಟದ ಚಿತ್ರ, ಮೇಲ್ಮುಖದ ಬಾಣ. ಎರಡು ರಜೆಯ ದಿನ ಕೂತು ಗೋಡೆ ಎಬ್ಬಿಸಿದ. ಕೆಲವು ಬಾಣ ಕೆಳಮುಖ ಆದವು. ಹುಡುಗರು ಬಿದ್ದು ಬಿದ್ದು ನಕ್ಕರು. ಹಲಗೆ ನೆಟ್ಟಗಿದ್ದರೆ ಸಾಕು, ಬಾಣ ಎತ್ತಲಾದರೂ ಹೋಗಲಿ ಎಂದು ಅವನು ಮೊಳೆ ಹೊಡೆದ.

ಅಂಗಳದ ಕಡೆ ದೊಡ್ಡವಳ ಸಂಸಾರ, ಓಣಿಯ ಕಡೆ ಚಿಕ್ಕವಳ ಸಂಸಾರ. "ನಾನೇನು ಗೋಡೆ ಮೇಲೆ ಹತ್ತಿ ಕೂರಲಾ?" ಎಂದು ಅಮ್ಮ ಕೇಳಿದಳು. ಕೊನೆಗೆ ಅವಳೇ ತೀರ್ಮಾನ ಮಾಡಿದಳು, ಊಟ ದೊಡ್ಡವಳ ಕಡೆ, ನಿದ್ದೆ ಚಿಕ್ಕವಳ ಕಡೆ. ಎರಡು ಬಾಗಿಲಿಗೂ ನಡುವೆ ನೇರ ದಾರಿಯಿಲ್ಲ, ಮನೆಯ ಆ ತುದಿಗೆ ಬೇರೆಯವರ ಕಾಂಪೌಂಡು ಗೋಡೆ. ಅಂಗಳದಿಂದ ಹೊರಟು ಇಡೀ ಸಾಲು ಬಳಸಿ ಓಣಿಗೆ ಬರಬೇಕು. ಊಟ ಮುಗಿಸಿ ಚಾಪೆ ಕಂಕುಳಲ್ಲಿ ಇರುಕಿಕೊಂಡು ಹೊರಟರೆ ಹತ್ತೂ ಮನೆಯವರು ಕೇಳುವವರೇ, "ಏನು ಅಜ್ಜಿ, ಪ್ರವಾಸ ಹೊರಟ್ರಾ?"

"ಹೂಂ. ನನ್ನ ಮಗನ ಮನೆಯಿಂದ ನನ್ನ ಮಗನ ಮನೆಗೆ."

ಎಂಟು ಕೊಡ ಬಂತು. ಸುಳ್ಳು ಹೇಳಬಾರದು, ಸುಖ ಕಂಡರು. ಮಕ್ಕಳ ತಲೆಗೆ ವಾರಕ್ಕೆ ಎರಡು ಸಲ ನೀರು ಬಿತ್ತು. ಅವಳಿಗಳ ಕುತ್ತಿಗೆಯ ಬೆವರುಸಾಲೆ ಮಾಯವಾಯಿತು. ಪಾತ್ರೆ ತೊಳೆದ ನೀರನ್ನೇ ಮತ್ತೆ ಹಿಡಿದಿಟ್ಟು ಕಾಲು ತೊಳೆಯುವ ಗೋಳು ತಪ್ಪಿತು. ಅಮ್ಮ ಒಂದು ದಿನ ಬೇಕೆಂದೇ ಒಂದು ಚೊಂಬು ನೀರನ್ನು ಸುಮ್ಮನೆ ಹೊಸ್ತಿಲಿಗೆ ಸುರಿದಳು, ಸುರಿಯಬಹುದು ಎಂಬ ಸಂತೋಷಕ್ಕೆ.

ಆದರೆ ಜೀರಿಗೆ ಈಗ ಓಣಿಯ ಕಡೆಯವಳು. ಕೊಡದಕ್ಕ ನಿಜವಾಗಿಯೂ ಹೇಳದೆ ಕೇಳದೆ ಬಂದು ಎರಡೂ ಕಡೆ ಮಕ್ಕಳನ್ನು ಎಣಿಸುತ್ತಿದ್ದಳು. ಮೊದಲ ದಿನ ಜೀರಿಗೆಗೆ ಇದು ಆಟವೆನಿಸಿತು. ಎರಡನೇ ಮಧ್ಯಾಹ್ನ ಹಲಗೆ ತಟ್ಟಿದಳು.

"ದೊಡ್ಡಮ್ಮಾ, ಈ ಆಟ ಯಾವಾಗ ಮುಗಿಯತ್ತೆ?"

ದೊಡ್ಡಮ್ಮ ಹಲಗೆಯ ಕಡೆ ತಿರುಗಿದಳು. ಸೂಜಿ ಬೆರಳಿಗೆ ಚುಚ್ಚಿತು. "ನಿದ್ದೆ ಮಾಡು ಕಂದ."

"ಬೆರಳಿಲ್ಲದೆ ಹೇಗೆ ಮಾಡಲಿ?"

ಒಂದು ಹಲಗೆಯಲ್ಲಿ ಮರದ ಗಂಟು ಒಣಗಿ ಸಡಿಲವಾಗಿತ್ತು. ದೊಡ್ಡಮ್ಮ ಕತ್ತರಿಯ ತುದಿಯಿಂದ ಅದನ್ನು ತಳ್ಳಿದಳು. ಗಂಟು ಆ ಕಡೆ ಬಿತ್ತು, ಕಾಸಿನಗಲದ ತೂತಾಯಿತು. ಅದರಲ್ಲಿ ಬೆರಳು ತೂರಿಸಿದಳು. ಆ ಕಡೆಯಿಂದ ಐದು ಪುಟ್ಟ ಬೆರಳು ಅದನ್ನು ಹಿಡಿದುಕೊಂಡವು. ಅಂದಿನಿಂದ ದೊಡ್ಡಮ್ಮ ಮಧ್ಯಾಹ್ನವೆಲ್ಲ ಎಡಗೈಯನ್ನು ಗೋಡೆಗೆ ಒಪ್ಪಿಸಿ, ಬಲಗೈ ಮತ್ತು ಹಲ್ಲಿನಲ್ಲಿ ಗುಂಡಿ ಹಾಕಿದಳು. ಕೆಲಸ ಅರ್ಧಕ್ಕೆ ಇಳಿಯಿತು. ಬಡಗಿ ಇದನ್ನು ನೋಡಿದ. ಆ ತೂತಿನ ಅಂಚಿಗೆ ಉಪ್ಪುಕಾಗದ ಹಾಕಿ ಉಜ್ಜಿ ನುಣುಪು ಮಾಡಿದ, ಸಿಬಿರು ತಾಗದಿರಲಿ ಎಂದು.

ಎಂಟು ಕೊಡದ ಸುಖ ಎರಡು ತಿಂಗಳೂ ನಿಲ್ಲಲಿಲ್ಲ. ಕೊನೆಮನೆಯವರು ಕಿಟಕಿ ಒಡೆದು ನೀರು ಗೆದ್ದದ್ದನ್ನು ಉಳಿದವರು ನೋಡುತ್ತಾ ಕೂರುತ್ತಾರೆಯೇ? ಐದನೇ ಮನೆಯವರು ಹಿಂದಿನ ಗೋಡೆ ಕೊರೆದರು. ಏಳನೆಯವರ ಬಾಗಿಲು ಎಂಟನೆಯವರ ಅಡುಗೆ ಮೂಲೆಗೆ ಎದುರಾಗಿ, ಇವರು ಉಗಿದರೆ ಅವರ ಒಲೆಗೆ ಬೀಳುವಂತಾಯಿತು. ಒಬ್ಬರದಂತೂ ಪಾಯಿಖಾನೆಯ ಕಡೆಗೇ ತೆರೆಯಿತು. ಇಷ್ಟಕ್ಕೂ ಬಾಗಿಲು ಮಾಡಿಕೊಟ್ಟವನು ಯಾರು? ಬಡಗಿಯೇ. ಪಕ್ಕದ ಮನೆಯವರು ಬಂದು ಕರೆದರೆ ಇಲ್ಲ ಎನ್ನುವುದು ಹೇಗೆ? ತಮ್ಮನ ಉಪಾಯವನ್ನು ಅಣ್ಣನೇ ಮನೆಮನೆಗೂ ಚೌಕಟ್ಟು ಹಾಕಿ ಹಂಚಿದ. ಕೊಡದಕ್ಕ ಮತ್ತು ದರ್ಜಿಯವರು ಬಿಟ್ಟು ಎಲ್ಲರಿಗೂ ಎರಡೆರಡು ಬಾಗಿಲಾದವು. ಹತ್ತು ಮನೆಗೆ ಹದಿನೆಂಟು ಬಾಗಿಲು. ನಲ್ಲಿ ಮಾತ್ರ ಅದೇ ನಲವತ್ತು ಚಿಲ್ಲರೆ.

ಕೊಡದಕ್ಕ ಸಾಲನ್ನು ನಿಲ್ಲಿಸಿ ಹೇಳಿದಳು, "ಇವತ್ತಿನಿಂದ ಬಾಗಿಲಿಗೆ ಎರಡು ಕೊಡ. ಮಿಕ್ಕ ನೀರು ಬಾಣಂತಿ, ಕಾಯಿಲೆಯವರಿಗೆ. ಇನ್ನೂ ಬಾಗಿಲು ಬೇಕಾದವರು ಮಾಡಿಸ್ಕೊಳ್ಳಿ. ಮನೆಯೆಲ್ಲ ಬಾಗಿಲಾಗಲಿ, ಗೋಡೆ ಯಾಕೆ? ಚೊಂಬಿನಲ್ಲಿ ಅಳೆದು ಕೊಡ್ತೀನಿ."

ಎರಡು ಬಾಗಿಲಿಗೆ ಎರಡೆರಡು, ಒಟ್ಟು ನಾಲ್ಕು. ಮೊದಲು ಎಷ್ಟಿತ್ತೋ ಅಷ್ಟೇ. ಜತೆಗೆ ನಡುವೆ ಒಂದು ಗೋಡೆ, ಉರಿಸಲು ಎರಡು ಒಲೆ. ಗಾಡಿಯವನು ಮೂರು ದಿನ ಮಾತಾಡಲಿಲ್ಲ. ಅದೇ ಆ ಮನೆಗೆ ಆದ ಲಾಭ ಎಂದಳು ಅಮ್ಮ.

ಕಟ್ಟು ಬದಲಾದ ಆ ಬೆಳಗ್ಗೆಯೇ ದೊಡ್ಡವಳು ತನ್ನ ಎರಡು ಕೊಡ ಒಳಗಿಟ್ಟವಳೇ ಸಾಲು ಸುತ್ತಿ ಓಣಿಯ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಸಂತೋಷ ಮುಚ್ಚಿಡಲು ಆಗುತ್ತಿರಲಿಲ್ಲ. "ಕೇಳಿದ್ಯಾ? ಇನ್ನು ಈ ಗೋಡೆ ಯಾಕೆ? ನಿಮ್ಮ ಭಾವ ಬಂದ ಕೂಡಲೇ ಕೀಳಿಸಿಬಿಡ್ತೀನಿ."

ಚಿಕ್ಕವಳು ಅವಳಿಗಳಲ್ಲಿ ಒಬ್ಬನ ಮೂಗು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಗೋಡೆ ಇರಲಿ ಅಕ್ಕ."

"ಇರಲಿ ಅಂದ್ರೆ?"

"ಇರಲಿ ಅಂದ್ರೆ ಇರಲಿ." ಆಮೇಲೆ ಅವಳು ತಲೆಯೆತ್ತಿದಳು. "ಮದುವೆಯಾಗಿ ಬಂದಾಗಿಂದ ನಾನು ಬಟ್ಟೆ ಬದಲಾಯಿಸಿದ್ದು ಬಾಗಿಲ ಸಂದೀಲಿ, ಉಸಿರು ಹಿಡ್ಕೊಂಡು. ಗಂಡನ ಜತೆ ಜಗಳ ಆಡಬೇಕಾದ್ರೂ ಕಣ್ಣಲ್ಲೇ ಆಡ್ತಿದ್ದೆ. ಮೊನ್ನೆ ಮೊದಲ ಸಲ ಬಾಯಿಬಿಟ್ಟು ಬೈದೆ. ಎಷ್ಟು ಹಾಯಾಗಿತ್ತು ಗೊತ್ತಾ ಅಕ್ಕ? ಕಾಲು ಚಾಚಿ ಕೂರ್ತೀನಿ ಇಲ್ಲಿ. ಯಾರೋ ಬಂದ್ರು ಅಂತ ಎದ್ದು ನಿಲ್ಲಬೇಕಾಗಿಲ್ಲ."

ಇದು ನ್ಯಾಯವಾದ ಮಾತು. ಬೇರೆ ದಿನವಾಗಿದ್ದರೆ ದೊಡ್ಡವಳೇ ಹೌದೆನ್ನುತ್ತಿದ್ದಳು, ಅವಳೂ ಅದೇ ಬಾಗಿಲ ಸಂದಿಯಲ್ಲಿ ಉಸಿರು ಹಿಡಿದವಳೇ. ಆದರೆ ಅವಳ ಕಣ್ಣಿಗೆ ಆಗ ಬಿದ್ದದ್ದು ಮೂಲೆಯಲ್ಲಿ ಗೋಡೆಗಂಟಿ ಕೂತಿದ್ದ ಜೀರಿಗೆ ಮಾತ್ರ. ಬಾಯಿ ಜಾರಿತು.

"ಹೌದಮ್ಮ, ನಿನಗೇನು. ಹೆರೋದು ನೀನು, ಹೊರೋದು ನಾನು. ಹೊತ್ತಿದ್ದಾಯ್ತು, ಈಗ ಗೋಡೆ ಬೇಕು."

ಚಿಕ್ಕವಳ ಮುಖ ಬಿಳಿಚಿಕೊಂಡಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಹಾಗಾದ್ರೆ ಇನ್ಮೇಲೆ ಹೊರಬೇಡಿ."

ಅಷ್ಟೇ. ಇಬ್ಬರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು, ಕೂಗಿದ ಜಗಳ ಸಂಜೆಗೆ ಆರುತ್ತದೆ. ಮಧ್ಯಾಹ್ನ ದೊಡ್ಡಮ್ಮ ಬೆರಳು ತೂರಿಸಿದಾಗ ತೂತಿನಲ್ಲಿ ಮೆತ್ತನೆಯ ಏನೋ ತಾಗಿತು. ಆ ಕಡೆಯಿಂದ ಬಟ್ಟೆ ತುರುಕಿತ್ತು. ತಳ್ಳಿದ್ದರೆ ಬೀಳುತ್ತಿತ್ತು. ಅವಳು ತಳ್ಳಲಿಲ್ಲ. ತಾಯಿ ಹಾಕಿದ ಬಟ್ಟೆ, ತಳ್ಳುವುದಕ್ಕೆ ತಾನು ಯಾರು? ಬೆರಳು ಹಿಂದಕ್ಕೆ ತೆಗೆದು ಎರಡೂ ಕೈಯಲ್ಲಿ ಗುಂಡಿ ಹಾಕತೊಡಗಿದಳು. ಕೆಲಸ ಚುರುಕಾಯಿತು. ಸಂಜೆ ಅಂಗಿ ಎಣಿಸಲು ಬಂದವನು ಹೊಗಳಿದ. ಅವಳು ಅವನ ಮುಖಕ್ಕೆ ಅಂಗಿಗಳ ಗಂಟು ಎಸೆಯದಿದ್ದದ್ದು ಅವನ ಪುಣ್ಯ.

ಅಮ್ಮ ಎರಡೂ ಕಡೆ ಬೈದಳು. ದೊಡ್ಡವಳಿಗೆ, "ನಿನ್ನ ನಾಲಿಗೆಗೆ ನಿನ್ನ ಗಂಡನ ಮೊಳೆ ಹೊಡೀಬೇಕು" ಎಂದಳು. ಚಿಕ್ಕವಳಿಗೆ, "ಅವಳ ಹಾಲು ಕುಡಿದ ಮಗು ಅದು, ಬಟ್ಟೆ ತುರುಕ್ತೀಯ?" ಎಂದಳು. ಇಬ್ಬರೂ ಅತ್ತೆಗೆ ಎದುರಾಡಲಿಲ್ಲ, ಇಬ್ಬರೂ ಮಾತು ಕೇಳಲೂ ಇಲ್ಲ. ಅಮ್ಮ ಚಾಪೆ ಕಂಕುಳಲ್ಲಿಟ್ಟುಕೊಂಡು ಸಾಲು ಸುತ್ತುವಾಗ ಯಾರಾದರೂ ಪ್ರವಾಸದ ಮಾತೆತ್ತಿದರೆ ಈಗ ನಗುತ್ತಿರಲಿಲ್ಲ.

ಜೀರಿಗೆ ಅಳಲಿಲ್ಲ, ಹಟ ಮಾಡಲಿಲ್ಲ. ಮಧ್ಯಾಹ್ನ ನಿದ್ದೆ ಮಾಡುವುದನ್ನು ಬಿಟ್ಟಳು. ಸುಮ್ಮನೆ ಹಲಗೆಗಳ ಎದುರು ಕೂತು ಲೋಟದ ಚಿತ್ರಗಳನ್ನು ನೋಡುತ್ತಿದ್ದಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಬಾಗಿಲು, ಕೊಡ, ಗೋಡೆ ಇದೇ ಮಾತು, ಅವಳು ಕೇಳಿಸಿಕೊಂಡಿದ್ದಳು. ಬಾಗಿಲಿದ್ದರೆ ಮನೆ, ಮನೆಯಿದ್ದರೆ ನೀರು. ದೊಡ್ಡವರು ಮಾಡಿದ ಲೆಕ್ಕವೇ ಅದು. ಅವಳು ಅದನ್ನು ನಂಬಿದಳು.

ಮುಂದಿನ ನೀರಿನ ದಿನ ಬೆಳಗ್ಗೆ ಸಾಲಿನಲ್ಲಿ ಹದಿನೆಂಟು ಬಾಗಿಲಿನವರು ನಿಂತಿದ್ದರು. ಎಲ್ಲರದೂ ಆದ ಮೇಲೆ ಕೊಡದಕ್ಕ ನೋಡುತ್ತಾಳೆ, ಕೊನೆಯಲ್ಲಿ ಇನ್ನೂ ಒಬ್ಬಳು. ಸೊಂಟದ ಮೇಲೆ ಒಂದು ಚೊಂಬು ಇಟ್ಟುಕೊಂಡು ದೊಡ್ಡ ಹೆಂಗಸರ ಹಾಗೆ ಒಂದು ಕಡೆ ವಾಲಿ ನಿಂತಿದ್ದಳು ಜೀರಿಗೆ.

"ನಿಮ್ಮ ಅಮ್ಮನದು ಆಯ್ತಲ್ಲ. ನಿಮ್ಮ ದೊಡ್ಡಮ್ಮನದೂ ಆಯ್ತು."

"ಅದು ಅವರ ಬಾಗಿಲದು. ಇದು ನನ್ನ ಬಾಗಿಲದು."

"ನಿನಗೆಲ್ಲಿಂದ ಬಂತು ಬಾಗಿಲು?"

"ಮಾಡಿದ್ದೀನಿ. ನಾನೂ ದೊಡ್ಡಮ್ಮನೂ ಆ ಮನೇಲಿರೋದು. ಇಬ್ಬರೇ. ನಮಗೆ ಜಾಸ್ತಿ ಬೇಡ, ಒಂದು ಚೊಂಬು ಸಾಕು."

ನಗು ಶುರುವಾಯಿತು. ದರ್ಜಿಯ ಹೆಂಡತಿ, "ಕೊಡದಕ್ಕ, ಕಟ್ಟು ಅಂದ್ರೆ ಕಟ್ಟು. ಹೋಗಿ ನೋಡಿ ಬನ್ನಿ" ಎಂದಳು. ಕೊಡದಕ್ಕ ನಗಲಿಲ್ಲ. ಅವಳ ಕೆಲಸದಲ್ಲಿ ನಗುವ ಜಾಗ ಇರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು, "ನಡಿ, ತೋರಿಸು" ಎಂದಳು. ಅರ್ಧ ಸಾಲು ಹಿಂದೆ ಹೊರಟಿತು. ಚಿಕ್ಕವಳು ಕೊಡ ಇಳಿಸಿ ಏನಾಯಿತೋ ಎಂದು ಓಡಿಬಂದಳು. ದೊಡ್ಡವಳು ಮಾತ್ರ ಆ ಕಡೆ ಹೋಗಲಿಲ್ಲ. ತನ್ನ ಬಾಗಿಲೊಳಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆಯ ಪಕ್ಕ ಕೂತಳು.

ಓಣಿಯ ಕಡೆ, ಹಲಗೆಯ ಗೋಡೆಯ ಮೇಲೆ ಜೀರಿಗೆ ಬಾಗಿಲು ಬರೆದಿದ್ದಳು. ದೊಡ್ಡಪ್ಪ ಮರಕ್ಕೆ ಗುರುತು ಹಾಕುವ ಸೀಮೆಸುಣ್ಣದ ತುಂಡಿನಿಂದ ತನ್ನ ಎತ್ತರಕ್ಕೆ ಎರಡು ಉದ್ದ ಗೆರೆ, ಮೇಲೊಂದು ಅಡ್ಡ ಗೆರೆ. ಎರಡೂ ಉದ್ದ ಗೆರೆ ಒಂದೇ ಕಡೆಗೆ ಓಲಿದ್ದವು. ನಡುವೆ, ಹಿಡಿ ಇರಬೇಕಾದ ಜಾಗದಲ್ಲಿ, ಆ ತೂತು. ತೂತಿನ ತುಂಬ ಬಟ್ಟೆ.

ಕೊಡದಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದಳು. "ಬಾಗಿಲೇನೋ ಇದೆ. ಇದ್ಯಾಕೆ ಬಟ್ಟೆ?"

"ಚಳಿ ಬರತ್ತೆ ಅಂತ ಅಮ್ಮ ಹಾಕಿದ್ದಾಳೆ."

ಬೇಸಿಗೆ ಅದು. ಓಣಿಯಲ್ಲಿ ನಿಂತವರ ಕುತ್ತಿಗೆಯಿಂದೆಲ್ಲ ಬೆವರು ಇಳಿಯುತ್ತಿತ್ತು. ಒಬ್ಬರೂ ನಗಲಿಲ್ಲ. ಚಿಕ್ಕವಳು ಮಗಳ ಮುಖ ನೋಡಿದಳು. ತಾನು ಹೇಳಿದ ಸುಳ್ಳನ್ನು ಮಗು ಹಾಗೆಯೇ ನಂಬಿ, ಬೆವರುತ್ತಾ, ಅದನ್ನೇ ಹತ್ತು ಜನರ ಮುಂದೆ ಅಮ್ಮನ ಪರವಾಗಿ ಹೇಳುತ್ತಿತ್ತು.

ಅವಳು ಬಂದು, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಕೂತು, ಆ ಬಟ್ಟೆಯನ್ನು ಎಳೆದಳು. ಬಿಸಿಲು ತೂತಿನಿಂದ ಆ ಕಡೆಗೆ ದಾಟಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆಳಕು ಮುಚ್ಚಿತು. ಒಂದು ಬೆರಳು ಹೊರಗೆ ಬಂತು, ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಜೀರಿಗೆ ಚೊಂಬು ಕೆಳಗಿಟ್ಟು ಅದನ್ನು ಹಿಡಿದುಕೊಂಡಳು.

"ನೋಡಿ" ಎಂದಳು ಕೊಡದಕ್ಕನಿಗೆ. "ಮನೇಲಿ ಜನ ಇದ್ದಾರೆ."

ಕೊಡದಕ್ಕ ಪಕ್ಕಕ್ಕೆ ಸರಿದು ಕೂತಳು.

ಚಿಕ್ಕವಳು ಹಲಗೆಗೆ ಬಾಯಿ ಹತ್ತಿರ ತಂದು ಕರೆದಳು, "ಅಕ್ಕಾ."

"ಹೂಂ."

"ಭಾವ ಕೆಲಸಕ್ಕೆ ಹೊರಟ್ರಾ?"

"ಹೊರಡ್ತಿದ್ದಾರೆ. ಗರಗಸ ಕೈಯಲ್ಲಿದೆ."

"ಈ ಕಡೆ ಬಂದು ಹೋಗೋಕೆ ಹೇಳಿ. ಗೋಡೆ ಇರಲಿ ಅಕ್ಕ, ನನಗೆ ಬೇಕು. ಆದ್ರೆ ಇವಳು ಬರೆದಲ್ಲಿ ಬಾಗಿಲೊಂದು ಇರಲಿ."

ಬಡಗಿ ಬಂದ. ಗೆರೆ ನೋಡಿದ. ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದ. ಜೇಬಿನಿಂದ ಪೆನ್ಸಿಲು ತೆಗೆದು ನೆಟ್ಟಗೆ ಇನ್ನೊಂದು ಗೆರೆ ಹಾಕಲು ಹೋದ. ಜೀರಿಗೆ ಅಡ್ಡ ನಿಂತಳು.

"ಗೆರೆ ಮೇಲೇ ದೊಡ್ಡಪ್ಪ."

"ಸೊಟ್ಟ ಇದೆ ಮಗಾ."

"ಸೊಟ್ಟನೇ ಇರಲಿ ಭಾವ" ಎಂದಳು ಚಿಕ್ಕವಳು.

ಅವನಿಗೆ ಅದೊಂದು ಶಿಕ್ಷೆ. ಜೀವಮಾನದಲ್ಲಿ ಸೊಟ್ಟ ಬಾಗಿಲು ಮಾಡಿದವನಲ್ಲ. ಗರಗಸ ಎರಡು ಸಲ ನೆಟ್ಟಗಾಗಲು ನೋಡಿತು, ಎರಡು ಸಲವೂ ಮತ್ತೆ ಗೆರೆಗೆ ತಂದ. ಹಲಗೆ ಬಿಡಿಸಿಕೊಂಡಾಗ ಆ ಕಡೆ ದೊಡ್ಡವಳು ಕಂಡಳು, ನೆಲದ ಮೇಲೆ ಕೂತಿದ್ದಳು, ಮುಖವೆಲ್ಲ ಒದ್ದೆ. ಜೀರಿಗೆ ದಾಟಿ ಹೋಗಿ, ಏನೂ ಆಗಿಲ್ಲವೆಂಬಂತೆ, ಎಡ ತೊಡೆಯ ಮೇಲೆ ತಲೆಯಿಟ್ಟಳು. ಬೆಳಗಿನ ಹೊತ್ತು, ನಿದ್ದೆಯ ಹೊತ್ತೇ ಅಲ್ಲ. ಆದರೂ ಮಲಗಿದಳು.

ಕೊಡದಕ್ಕ ಹೊರಡುವಾಗ ಸೊಟ್ಟ ಕೈ ಚಾಚಿ ಆ ಬಾಗಿಲನ್ನು ತೋರಿಸಿದಳು. "ಇದು ಹತ್ತೊಂಬತ್ತನೆಯದು. ಇದಕ್ಕೆ ಕೊಡ ಇಲ್ಲ, ಈಗಲೇ ಹೇಳಿದ್ದೀನಿ. ಆಮೇಲೆ ಜಗಳಕ್ಕೆ ಬರಬೇಡಿ."

"ಬೇಡಕ್ಕ" ಎಂದಳು ಚಿಕ್ಕವಳು. "ಇದಕ್ಕೆ ಕೊಡ ಬೇಡ."

ಆದರೂ ಅಂಗಳಕ್ಕೆ ಹೋದವಳು ತನ್ನ ಪಾಲಿನ ಕೊಡದಿಂದ ಆ ಚೊಂಬು ತುಂಬಿಸಿ ದೊಡ್ಡವಳ ಕಡೆಗೆ ಕಳಿಸಿದಳು. ತಾನೇ ಹೋಗಿ ಮಾತಿಗೆ ಸಿಕ್ಕಬಾರದೆಂದು ದರ್ಜಿಯ ಹೆಂಡತಿಯ ಕೈಯಲ್ಲಿ ಕಳಿಸಿದಳು.

ಮಧ್ಯಾಹ್ನ ದೊಡ್ಡವಳು ಮೊಣಕಾಲೂರಿ ಆ ಬಾಗಿಲಲ್ಲಿ ಈ ಕಡೆ ಬಂದಳು. ಚಿಕ್ಕವಳಿಗೆ ಹೊಟ್ಟೆ ಹೊತ್ತು ಬಗ್ಗಲು ಆಗುತ್ತಿರಲಿಲ್ಲ. ಬರುವ ಮೊದಲು ದೊಡ್ಡವಳು ಹಲಗೆ ತಟ್ಟಿದಳು. "ಬರಬಹುದಾ?"

"ಇದೇನಕ್ಕ, ಕೇಳೋದು."

"ಕೇಳಬೇಕು. ನಿನ್ನ ಮನೆ." ಅವಳು ಕೂತು, ಅವಳಿಗಳಲ್ಲಿ ಒಬ್ಬನನ್ನು ಮಡಿಲಿಗೆ ಎಳೆದುಕೊಂಡಳು. "ಅವತ್ತು ನಾನಾಡಿದ ಮಾತು..."

"ಬಿಡಿ. ನಿಜ ಇತ್ತು, ಅದಕ್ಕೇ ಉರೀತು." ಚಿಕ್ಕವಳು ಹೊಟ್ಟೆ ತೋರಿಸಿದಳು. "ಇದು ಹುಟ್ಟಿದ ಮೇಲೆ ಆಪರೇಷನ್ ಮಾಡಿಸ್ಕೋತೀನಿ ಅಂತ ಇವರಿಗೆ ಹೇಳಿದ್ದೀನಿ. ಬಾಯಿಬಿಟ್ಟೇ ಹೇಳಿದೆ. ಒಂದು ದಿನ ಮುಖ ಊದಿಸ್ಕೊಂಡಿದ್ರು, ಆಮೇಲೆ ಆಯ್ತು ಅಂದ್ರು. ಆಸ್ಪತ್ರೆಗೆ ನೀವು ಬರ್ತೀರಾ? ಅತ್ತೆ ಬಂದ್ರೆ ಡಾಕ್ಟರ ಜತೆ ಜಗಳ ಆಡ್ತಾರೆ."

"ಬಾಗಿಲಿದ್ಯಲ್ಲ. ಕೂಗು, ಬರ್ತೀನಿ."

ಅಮ್ಮ ಇದನ್ನೆಲ್ಲ ಆ ಕಡೆಯಿಂದ ಕೇಳಿಸಿಕೊಂಡಳು. ತನ್ನ ಪ್ರವಾಸ ಇನ್ನು ಮುಗಿಯಿತು ಎಂದು ಚಾಪೆ ಸುತ್ತಿಕೊಂಡು ಅವಳೂ ಆ ಬಾಗಿಲಿಗೆ ತಲೆ ತೂರಿಸಿದಳು. ತಲೆ ಬಂತು, ಒಂದು ಭುಜ ಬಂತು, ಮಿಕ್ಕದ್ದು ಬರಲಿಲ್ಲ. ಚಿಕ್ಕವಳು ಈ ಕಡೆ ಕೂತಲ್ಲಿಂದಲೇ ಎಳೆದಳು, ದೊಡ್ಡವಳು ಸಾಲು ಸುತ್ತಿ ಆ ಕಡೆ ಓಡಿ ತಳ್ಳಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ನಗ್ರೇ, ನಗಿ" ಎಂದಳು ಅಮ್ಮ, ಹೇಗೋ ಹಿಂದಕ್ಕೆ ಬಿ‌ಡಿಸಿಕೊಂಡು. "ನನಗೆ ಸಾಲು ಸುತ್ತೋದೇ ವಾಸಿ." ಚಾಪೆ ಕಂಕುಳಲ್ಲಿ ಇರುಕಿಕೊಂಡು ಅಂಗಳದ ಬಾಗಿಲಿಂದ ಹೊರಟಳು.

ಜೀರಿಗೆ ಎದ್ದಿದ್ದಳು. ಚೊಂಬು ಅಲ್ಲೇ ಇತ್ತು. ಅದನ್ನು ಎತ್ತಿಕೊಂಡು ಒಮ್ಮೆ ಓಣಿಯ ಕಡೆಯ ಹಂಡೆಯನ್ನು ನೋಡಿದಳು, ಒಮ್ಮೆ ಅಂಗಳದ ಕಡೆಯ ಹಂಡೆಯನ್ನು ನೋಡಿದಳು. ಆಮೇಲೆ ಆ ಸೊಟ್ಟ ಬಾಗಿಲಲ್ಲಿ ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ ಹಾಕಿ ಕೂತು, ನೀರನ್ನು ತಾನೇ ಕುಡಿದಳು.